ಗೆರೆ ನಿಲ್ಲುವ ತನಕ

ನೀಲಾಂಬಿಕಾ ಹಂಪಿಹೊಳಿ ತೀರಿಕೊಂಡ ಮೇಲೂ ಅವರ ನಾಳ ಬದುಕಿತ್ತು.

ಕಿರುಬೆರಳಿನ ಉಗುರಿನಷ್ಟೂ ಅಗಲವಿಲ್ಲದ ಮಾಂಸದ ಪಟ್ಟಿ ಅದು. ಧಾರವಾಡದ ಔಷಧ ಮಾಪನ ಕೇಂದ್ರದ ಕಿಟಕಿಯ ಪಕ್ಕದ ಗಾಜಿನ ಕೊಳವೆಯಲ್ಲಿ, ಬೆಚ್ಚಗಿನ ಉಪ್ಪುನೀರಿನಲ್ಲಿ, ಮೇಲೊಂದು ಕೆಳಗೊಂದು ದಾರ ಕಟ್ಟಿಸಿಕೊಂಡು ತೂಗುತ್ತಿತ್ತು. ಬಿಗಿಯಾಗುವುದು, ಸಡಿಲವಾಗುವುದು, ಮತ್ತೆ ಬಿಗಿಯಾಗುವುದು. ಪಕ್ಕದ ಪರದೆಯ ಮೇಲೆ ಅದರ ಗೆರೆ ಸಣ್ಣ ಸಣ್ಣ ಅಲೆಯಾಗಿ ಹರಿಯುತ್ತಿತ್ತು. ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆದ ಕೂಡಲೆ, ಅವರ ಕೈಕೆಳಗೆ ಕೆಲಸ ಕಲಿತ ಶಾಲ್ಮಲಾ ಚಪ್ಪಲಿ ಕಳಚುವುದಕ್ಕೂ ಮೊದಲು ಕತ್ತು ಚಾಚಿ ಆ ಗೆರೆಯನ್ನು ನೋಡುತ್ತಿದ್ದಳು. ಅಲೆ ಕಂಡರೆ ಉಸಿರು ಬಿಡುತ್ತಿದ್ದಳು. ಆಮೇಲೆ ಚಪ್ಪಲಿ.

ಪಡಿನಾಳ ಎಂದು ಅದಕ್ಕೆ ಹೆಸರಿಟ್ಟವರೂ ನೀಲಾಂಬಿಕಾ ಅವರೇ, ಅದನ್ನು ಮೊದಲು ಬೆಳೆಸಿದವರೂ ಅವರೇ. ಒಂದು ಹನಿ ರಕ್ತದ ಕೋಶಗಳಿಂದ ಆ ಮನುಷ್ಯನದೇ ರಕ್ತನಾಳದ ಗೋಡೆಯ ಒಂದು ಚೂರನ್ನು ದೇಹದ ಹೊರಗೆ ಬೆಳೆಸುವ ವಿದ್ಯೆ ಅದು. ರಕ್ತದೊತ್ತಡದ ಔಷಧ ಕೊಳವೆಗೆ ಬಿದ್ದರೆ ಪಟ್ಟಿ ಸಡಿಲವಾಗಿ ಗೆರೆ ಕೆಳಗಿಳಿಯುತ್ತಿತ್ತು. ಎಷ್ಟು ಇಳಿಯಿತೋ ಅಷ್ಟು ಔಷಧದ ಬಲ.

ಈ ಅಳತೆ ದಿನಾ ಬೇಕಾಗುತ್ತಿತ್ತು. ಔಷಧವನ್ನು ಗುಳಿಗೆಯಾಗಿ ಒತ್ತುವ ಕಾಲ ಮುಗಿದು ವರ್ಷಗಳಾಗಿದ್ದವು. ಈಗ ದೊಡ್ಡ ಹಂಡೆಗಳಲ್ಲಿ ಜೀವಕೋಶಗಳೇ ಅದನ್ನು ಹುದುಗಿಸಿ ಕೊಡುತ್ತಿದ್ದವು. ಮನೆಯ ಮೊಸರು ಒಂದು ದಿನ ಹುಳಿ, ಒಂದು ದಿನ ಸಪ್ಪೆ ಇದ್ದ ಹಾಗೆ ಹಂಡೆಯಿಂದ ಹಂಡೆಗೆ ಅದರ ಕಸುವು ಬೇರೆ. ಬೆಳಿಗ್ಗೆ ಧಾರವಾಡದಲ್ಲಿ ಆ ದಿನದ ಔಷಧವನ್ನು ನೀಲಾಂಬಿಕಾ ಅವರ ನಾಳಕ್ಕೆ ಕುಡಿಸಿ, ಬಂದ ಅಂಕಿಯನ್ನು ಊರೂರಿಗೆ ಕಳಿಸುತ್ತಿದ್ದರು. ಮನೆಮನೆಯ ಗೋಡೆಯ ಮೇಲಿನ ಹನಿಪೆಟ್ಟಿಗೆ ಆ ಅಂಕಿಯಂತೆ ಒಂದು ಹನಿ ಹೆಚ್ಚೋ ಒಂದು ಹನಿ ಕಡಿಮೆಯೋ ಲೋಟಕ್ಕೆ ಬೀಳಿಸುತ್ತಿತ್ತು. ಬೀದರದ ಅಜ್ಜ, ಮಡಿಕೇರಿಯ ಅಜ್ಜಿ, ಎಲ್ಲರ ಹನಿಯೂ ಕಿಟಕಿಯ ಪಕ್ಕದ ಆ ಒಂದು ಪಟ್ಟಿಯ ಮಾತು ಕೇಳಿಯೇ ಬೀಳಬೇಕಾಗಿತ್ತು.

ಜನ ಇದಕ್ಕೆ ಬೇಗ ಒಗ್ಗಿಕೊಂಡಿದ್ದರು. ಪೇಟೆಯಲ್ಲಿ ಹೆಂಗಸರು, "ಇವತ್ತ ನೀಲವ್ವ ನಾಕ ಹನಿ ಹಾಕ್ಯಾಳ ನೋಡ್ರಿ, ನಿನ್ನೆ ಮೂರ ಇತ್ತು," ಎಂದು ಮಳೆ ಬಿಸಿಲಿನ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ನೀಲವ್ವ ಎಂದರೆ ಯಾರು, ಯಾವ ದೇಶದಲ್ಲಿ ಓದಿದವರು, ಎಷ್ಟು ಪದಕ ಬಂದಿವೆ ಎಂಬುದು ಅವರಿಗೆ ಬೇಕಾಗಿರಲಿಲ್ಲ.

ಪದಕಗಳಂತೂ ನೀಲಾಂಬಿಕಾ ಅವರಿಗೂ ಬೇಕಾಗಿರಲಿಲ್ಲ. ಅವುಗಳಲ್ಲಿ ಅತಿ ಭಾರದ್ದನ್ನು ಚಹಾದ ಲೋಟದ ಮೇಲೆ ನೊಣ ಕೂಡದಂತೆ ಮುಚ್ಚುತ್ತಿದ್ದರು. "ಇದಕ್ಕ ಹೇಳಿ ಮಾಡಿಸಿದಂಗ ಐತಿ ನೋಡವಾ. ಸ್ವೀಡನ್ನಿನ ಮಂದಿ ಅಳತಿ ತಗೊಂಡ ಮಾಡ್ಯಾರ."

ಶಾಲ್ಮಲಾ ಕೇಂದ್ರಕ್ಕೆ ಸೇರಿದ ಮೊದಲ ವಾರ ಅಲ್ಲಿನ ಪದ್ಧತಿಯಂತೆ ತನ್ನದೊಂದು ನಾಳ ಬೆಳೆಸಿಕೊಳ್ಳಬೇಕಾಯಿತು. ಪರರ ನಾಳ ಮುಟ್ಟುವ ಮೊದಲು ತನ್ನದರ ಮೇಲೆ ಕೈ ಪಳಗಬೇಕು ಎಂಬುದು ಅಕ್ಕೋರ ನೇಮ; ಕೇಂದ್ರದವರೆಲ್ಲ ನೀಲಾಂಬಿಕಾ ಅವರನ್ನು ಹಾಗೇ ಕರೆಯುತ್ತಿದ್ದರು. ಎಲ್ಲರೂ ತಮ್ಮ ಪಟ್ಟಿಯನ್ನು ಹಸುಗೂಸಿನಂತೆ ತೋರಿಸಿಕೊಂಡು ಓಡಾಡುತ್ತಿದ್ದರೆ ಇವಳು ತನ್ನ ಕೊಳವೆಯನ್ನು ಮೂಲೆಯ ಕೊನೆಗೆ ಒಯ್ದು, ಪರದೆಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಒಳಗಿನದೇನೋ ಬಯಲಾದಂಥ ನಾಚಿಕೆ. ಅಕ್ಕೋರು ನೋಡಿ ನಕ್ಕಿದ್ದರು.

"ಯಾರೂ ನಿನ್ನ ಡೈರಿ ಓದಾಕತ್ತಿಲ್ಲವಾ. ನಾಳ ಅಷ್ಟ ಅದು."

ಆಮೇಲೆ ಗೋಡೆಗೂ ಪರದೆಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿ ಬಹಳ ಹೊತ್ತು ನೋಡಿದ್ದರು. "ಭಾಳ ಸಾಧಾರಣ ಐತಿ," ಎಂದಿದ್ದರು. ಅವಳ ಮುಖ ಸಣ್ಣಗಾಗಿದ್ದು ಕಂಡು, "ಬೈಗುಳ ಅಲ್ಲ ಅದು. ನಂದರ ಏನು ಮಹಾ? ಇಂಥಾ ಕೆಲಸಕ್ಕ ಸಾಧಾರಣನ ಬೇಕು," ಎಂದು ಸೇರಿಸಿದ್ದರು.

ಅಕ್ಕೋರು ಕಲಿಸಿದ್ದರಲ್ಲಿ ಅವಳಿಗೆ ಬಹಳ ಇಷ್ಟವಾದದ್ದು ಕಾಯುವುದು. ಒಂದು ಔಷಧ ಹಾಕಿದ ಮೇಲೆ ಮೂರು ಸಲ ತೊಳೆಯಬೇಕು. ತೊಳೆದ ಮೇಲೆ ಗೆರೆ ತನ್ನ ಮೊದಲಿನ ಜಾಗಕ್ಕೆ ಬಂದು ನೆಲೆ ನಿಲ್ಲುವ ತನಕ ಕೈ ಕಟ್ಟಿ ಕೂಡಬೇಕು. ಅವಸರದಲ್ಲಿ ಮುಂದಿನದನ್ನು ಹಾಕಿದರೆ ಹಿಂದಿನದರ ನೆರಳು ಇದರ ಮೇಲೆ ಬೀಳುತ್ತದೆ. "ಗೆರೆ ನಿಂತ ಮ್ಯಾಲ ಮುಂದಿಂದು," ಎನ್ನುತ್ತಿದ್ದರು. ಊಟದ ಪಂಕ್ತಿಯಲ್ಲಿ ಯಾರಾದರೂ ಅನ್ನ ಮುಗಿಯುವ ಮೊದಲೇ ಹೋಳಿಗೆ ಹಿಡಿದು ಬಂದರೂ ಅದನ್ನೇ ಅನ್ನುತ್ತಿದ್ದರು.

ಗೆರೆ ನಿಲ್ಲುವುದನ್ನು ಕಾಯುವ ಆ ಹೊತ್ತಿನಲ್ಲೇ ಹಳೆಯ ಕಾಲದ ಮಾತು ಬರುತ್ತಿತ್ತು. ತಾವು ಫಾರ್ಮಸಿ ಕಾಲೇಜಿನಲ್ಲಿದ್ದಾಗ ಪರದೆ ಇರಲಿಲ್ಲವಂತೆ. ಹೊಳೆಯುವ ಕಾಗದವನ್ನು ಉರುಳೆಗೆ ಸುತ್ತಿ, ಸೀಮೆಎಣ್ಣೆಯ ಹೊಗೆ ಹಿಡಿದು, ಮಸಿ ಏರಿಸುವುದು. ಅದರ ಮೇಲೆ ಮಾಂಸದ ಪಟ್ಟಿಗೆ ಕಟ್ಟಿದ ಕಡ್ಡಿಯ ಮೊನೆ ಬಿಳಿ ಗೆರೆ ಕೊರೆಯುವುದು. ಮುಗಿದ ಮೇಲೆ ಮಸಿ ಅಳಿಯದಂತೆ ಅರಗಿನ ದ್ರಾವಣದಲ್ಲಿ ಅದ್ದಿ ತೆಗೆದು ಬಟ್ಟೆಯಂತೆ ಹಗ್ಗಕ್ಕೆ ಒಣಹಾಕುವುದು. "ಮನಿಗೆ ಹೋದ್ರ ನಮ್ಮವ್ವ ಕೇಳಾಕಿ, ಕಾಲೇಜಿಗೆ ಹೋಗಿದ್ಯೋ ಒಲಿ ಊದಾಕ ಹೋಗಿದ್ಯೋ ಅಂತ. ಮೂಗಿನಾಗೆಲ್ಲಾ ಮಸಿ." ಆ ಉರುಳೆಯಲ್ಲೊಂದು ಇನ್ನೂ ಅವರ ಕಪಾಟಿನಲ್ಲಿತ್ತು. ಹಿತ್ತಾಳೆಯ ತಳಕ್ಕೆ ಆಗಾಗ ಎಣ್ಣೆ ಬಿಡುತ್ತಿದ್ದರು.

ಮಧ್ಯಾಹ್ನ ಚಹಾ ಆದ ಮೇಲೆ ಅಕ್ಕೋರು ಬೆರಳು ಚುಚ್ಚಿಕೊಂಡು ತಮ್ಮ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ತಮ್ಮ ನಾಳಕ್ಕೆ ಉಣಿಸುತ್ತಿದ್ದರು. ಆಮೇಲಿನ ಪಡಿನಾಳಗಳೆಲ್ಲ ತಯಾರಿಸಿದ ಆಹಾರದ ಮೇಲೆ ಬದುಕುತ್ತಿದ್ದವು. ಆದರೆ ಇದು ಮೊಟ್ಟಮೊದಲಿನದು, ಆ ಆಹಾರ ಕಂಡುಹಿಡಿಯುವುದಕ್ಕೂ ಮೊದಲು ಹುಟ್ಟಿದ್ದು. ಬೇರೆ ಏನು ಕೊಟ್ಟರೂ ಮುದುಡುತ್ತಿತ್ತು. "ನನ್ನ ಹಂಗ ಹಟಮಾರಿ. ಹಾಸ್ಟೆಲ್ ಊಟ ಸೇರೂದಿಲ್ಲ ಇದಕ್ಕ."

ಅಕ್ಕೋರು ಹೋದಾಗ ಶೀತಲಪೆಟ್ಟಿಗೆಯಲ್ಲಿ ಮುಂಚೆಯೇ ತೆಗೆದಿರಿಸಿದ್ದ ಅವರ ತಿಳಿಯ ಒಂದಿಷ್ಟು ಸೀಸೆಗಳು ಉಳಿದಿದ್ದವು. ಉಣಿಸುವ ಕೆಲಸ ಶಾಲ್ಮಲಾಳ ಪಾಲಿಗೆ ಬಂತು. ಮೊದಲ ವಾರ ಹೇಗಿತ್ತೋ ಹಾಗೇ ಉಣಿಸಿದಳು. ಆಮೇಲೊಂದು ದಿನ ಸೀಸೆಗಳ ಸಾಲು ಗಿಡ್ಡವಾದದ್ದು ಕಣ್ಣಿಗೆ ಬಿತ್ತು. ಅವತ್ತು ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ತುಸು ಉಪ್ಪುನೀರು ಬೆರೆಸಿದಳು. ಗೆರೆ ಹಾಗೇ ಹರಿಯಿತು. ಮರುವಾರ ಇನ್ನೂ ತುಸು. ಕೇಂದ್ರದ ಮುಖ್ಯಸ್ಥ ಫಕೀರೇಶ ಇಟಗಿಯವರು, ಅಕ್ಕೋರ ಮೊದಲ ಶಿಷ್ಯರು, ಹಿಂದೆ ಬಂದು ನಿಂತು ನೋಡಿದರು. ಬೇಡ ಎನ್ನಲಿಲ್ಲ. "ಛಲೋ ಮಾಡಿದಿ. ಇನ್ನೊಂದಿಷ್ಟು ದಿನ ಇರ್ತಾರ," ಎಂದರು. ಇರ್ತೈತಿ ಅನ್ನಲಿಲ್ಲ, ಇರ್ತಾರ ಅಂದರು. ಇಬ್ಬರಿಗೂ ಅದು ಕೇಳಿಸಿತು.

ಆ ಮಳೆಗಾಲದ ಕೊನೆಗೆ ಔಷಧ ಸೊರಗತೊಡಗಿತು. ಹಾಗೆಂದು ಕೇಂದ್ರದವರೆಲ್ಲ ನಂಬಿದರು. ಬೆಳಿಗ್ಗೆ ಔಷಧ ಹಾಕಿದರೆ ಗೆರೆ ಇಳಿದ ಅಂಕಿ ಮೊದಲಿನಷ್ಟು ಬರುತ್ತಿರಲಿಲ್ಲ. ಹಂಡೆಯ ಕಡೆಯವರಿಗೆ ಇಟಗಿಯವರು ಫೋನು ಹಚ್ಚಿ ಜಗಳ ತೆಗೆದರು.

"ಏನ್ ನೀರು ಕಳಸಾಕತ್ತೀರೋ ಮಾರಾಯಾ? ಕಸುವ ಇಲ್ಲಲ್ಲ ಇದಕ್ಕ."

"ಸರ್, ನಮ್ಮ ಕಡೆ ಎಲ್ಲಾ ಸರಿಯಾಗೇ ಇದೆ. ತೂಕ ನೋಡಿದೀವಿ, ಶುದ್ಧಿ ನೋಡಿದೀವಿ."

"ತೂಕ ಕಟ್ಟಿಗಿನೂ ತೂಗತೈತಿ. ಅಕ್ಕೋರ ನಾಳ ಸುಳ್ಳ ಹೇಳತೈತೇನು?"

ಯಾರೂ ಅದನ್ನು ಪ್ರಶ್ನೆಯೆಂದು ತಿಳಿಯಲಿಲ್ಲ. ಬಲ ಕಡಿಮೆ ಎಂಬ ಅಂಕಿ ಊರೂರಿಗೆ ಹೋಯಿತು. ಗೋಡೆಯ ಮೇಲಿನ ಪೆಟ್ಟಿಗೆಗಳು ಹನಿ ಹೆಚ್ಚಿಸಿದವು.

ಶಾಲ್ಮಲಾ ಇದ್ದದ್ದು ಸೋದರತ್ತೆ ಚನ್ನವ್ವನ ಮನೆಯಲ್ಲಿ. ಚನ್ನವ್ವತ್ತಿ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತಳಾದವಳು. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ, ಸೀಟಿಗೆ ಒರಗದೆ, ಎರಡೂ ಕೈಯಲ್ಲಿ ಚೀಟಿ ಹರಿಯುತ್ತ ನಿಲ್ಲುತ್ತಿದ್ದಳು. ಡ್ರೈವರ್ ಎಷ್ಟು ಜೋರಾಗಿ ಬ್ರೇಕು ಹಾಕಿದರೂ ಸೀಟಿನಲ್ಲಿದ್ದವರು ಮುಗ್ಗರಿಸಬೇಕೇ ಹೊರತು ಆಕೆ ಅಲ್ಲ. ಈಗಲೂ ಮನೆಯಲ್ಲಿ ಮಾತಾಡಿದರೆ ಹಿಂದಿನ ಬಾಗಿಲ ತನಕ ಕೇಳಿಸಬೇಕು ಎಂಬ ದನಿ. ಅಂಥವಳ ಜೊತೆ ಇವಳು, ಬಾಗಿಲ ಗಂಟೆ ಬಾರಿಸಿದರೆ ಒಳಗೆ ಸರಿಯುವ ಹುಡುಗಿ.

ಒಂದು ಬೆಳಿಗ್ಗೆ ಅತ್ತೆ ಲೋಟದ ಔಷಧ ಕುಡಿದು, ತುಸು ಹೊತ್ತು ಕೂತು, ಚಹಾ ಸೋಸಲೆಂದು ಎದ್ದಳು. ಎದ್ದವಳು ಅಡುಗೆಮನೆಯ ಕಟ್ಟೆಯನ್ನು ಗಕ್ಕನೆ ಹಿಡಿದುಕೊಂಡಳು. ಚಹಾದ ಪಾತ್ರೆ ಉರುಳಿ ನೆಲವೆಲ್ಲ ಕೆಂಪಾಯಿತು.

"ಅತ್ತೀ!"

"ಏನಿಲ್ಲ, ಏನಿಲ್ಲ. ಡ್ರೈವರ್ ಬ್ರೇಕ್ ಹಾಕಿದ." ನಗಲು ನೋಡಿದಳು. ತುಟಿ ಬಿಳಿಚಿತ್ತು. "ಹದಿನೈದು ದಿನಾತು, ಎದ್ದ ಕೂಡ್ಲೆ ಕಣ್ಣಿಗೆ ಕತ್ತಲಿ ಬರತೈತಿ. ವಯಸ್ಸಾತಲ್ಲಾ. ನಮ್ಮ ವಚನದ ಗುಂಪಿನಾಗ ಎಲ್ಲಾರೂ ಹಂಗ ಆಗ್ಯಾರ. ಮುಗದ ಮ್ಯಾಲ ಏಳಾಕ ಗ್ವಾಡಿ ಹಿಡೀತಾರ. ನಿನ್ನೆ ಪಾರ್ವತೆವ್ವ ಕಾಲ ಮುರಕೊಂಡ್ಲು, ಪಾಪ."

"ನೀವ್ಯಾಕ ನನಗ ಹೇಳಲಿಲ್ಲ?"

"ಹೇಳಾಕ ನೀ ಎಲ್ಲಿ ಇದ್ದಿ? ನಿಮ್ಮ ಅಕ್ಕೋರು ಹೋದಾಗಿಂದ ನೀ ಅಲ್ಲೇ ಕುಂತೀ. ಉಣ್ಣಾಕ ಕುಂತ್ರೂ ಅಲ್ಲೇ."

ಅತ್ತೆಯನ್ನು ಚಾಪೆಯ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟು, ಒತ್ತಡ ಅಳೆದಳು. ಪಾತಾಳದಲ್ಲಿತ್ತು. ಗೋಡೆಯ ಮೇಲಿನ ಹನಿಪೆಟ್ಟಿಗೆಯನ್ನು ನೋಡಿದಳು. ಔಷಧ ಸೊರಗಿದ್ದೇ ನಿಜವಾದರೆ ಒತ್ತಡ ಏರಬೇಕಿತ್ತು, ಇಲ್ಲವೇ ಇದ್ದಲ್ಲೇ ಇರಬೇಕಿತ್ತು. ಎಲ್ಲರ ಗೋಡೆಯ ಮೇಲೂ ಇದೇ ಪೆಟ್ಟಿಗೆ. ಎಲ್ಲರಿಗೂ ಇದೇ ಹನಿ.

ನೆಲದ ಚಹಾ ಒರೆಸುವ ಅರಿವೆ ಅವಳ ಕೈಯಲ್ಲೇ ಉಳಿಯಿತು.

ಕೇಂದ್ರಕ್ಕೆ ಹೋದವಳು ಕಿಟಕಿಯ ಕಡೆ ನೋಡದೆ ನೆಟ್ಟಗೆ ಮೂಲೆಗೆ ನಡೆದಳು. ತನ್ನ ಕೊಳವೆಯ ಉಪ್ಪುನೀರು ಬದಲಿಸಿದಳು, ಗೆರೆ ನಿಲ್ಲುವ ತನಕ ಕಾದಳು. ಆ ದಿನದ ಔಷಧವನ್ನು ಹಾಕಿದಳು.

ಗೆರೆ ಜಾರುಬಂಡೆಯ ಮೇಲಿಂದ ಜಾರಿದಂತೆ ಕೆಳಗಿಳಿಯಿತು. ಔಷಧಕ್ಕೆ ಏನೂ ಆಗಿರಲಿಲ್ಲ.

ಇಟಗಿಯವರು ಬಂದರು, ಎರಡು ಸಲ ಮಾಡಿಸಿ ನೋಡಿದರು. ಆಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಸಿದರು. ಅದು ಅಕ್ಕೋರ ಕುರ್ಚಿ ಎಂಬುದು ಅವರಿಗೆ ನೆನಪಾಗಲಿಲ್ಲ.

"ಆದ್ರ ಗೆರಿ ಛಲೋ ಐತಲ್ಲ," ಎಂದರು. ದನಿ ಹುಡುಗನ ದನಿಯಾಗಿತ್ತು. "ನೋಡಿಲ್ಲೆ, ಹೆಂಗ ಹರದೈತಿ."

"ಪರದಿ ಹಿಗ್ಗಿಸಿ ತೋರಸ್ತೈತಿ ಸರ್. ಸಣ್ಣ ಅಲಿ ಇದ್ರೂ ಚೌಕಟ್ಟು ತುಂಬೂ ಹಂಗ." ಶಾಲ್ಮಲಾ ನೆಲ ನೋಡುತ್ತ ಹೇಳಿದಳು. "ನಾವು ನೀರು ಬೆರಸಿದ್ವಿ. ಅದು ಸೊರಗ್ತು. ನಾವು ಔಷಧ ಸೊರಗೈತಿ ಅಂದ್ವಿ."

ಇಟಗಿಯವರು ಮೊದಲು ಮಾಡಬೇಕಾದದ್ದನ್ನು ಮಾಡಿದರು. ಅಕ್ಕೋರಿದ್ದಾಗಿನ ಕೊನೆಯ ಅಂಕಿಗೆ ಹನಿಪೆಟ್ಟಿಗೆಗಳನ್ನು ನಿಲ್ಲಿಸಿದರು. ತಲೆ ಸುತ್ತುವವರು ಔಷಧ ಕುಡಿಯದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ತಪ್ಪು ಅಳತೆಯದು ಎಂದು ಕೇಂದ್ರದ ಹೆಸರಿನಲ್ಲೇ ಸುದ್ದಿ ಬಿಟ್ಟರು. ಆದರೆ ಮುಂದಿನ ಹಂಡೆ ನಾಳೆಯೇ ತೆರೆಯುವುದಿತ್ತು. ಅದರ ಕಸುವು ಯಾರು ಹೇಳಬೇಕು?

"ಅಕ್ಕೋರ ನಾಳ ಹೇಳಿದ ಹನಿಯೊಳಗ ಲೆಕ್ಕ ಹಾಕಿ ಒಂದಿಷ್ಟು ಕಳದು ಕಳಸೋಣು," ಎಂದರು ಇಟಗಿ. "ಅಕ್ಕೋರಿಗೂ ತ್ರಾಸಿಲ್ಲ, ಮಂದಿಗೂ ತ್ರಾಸಿಲ್ಲ."

"ಎಷ್ಟು ಕಳೀಬೇಕು ಸರ್?"

ಅವರು ಹಾಳೆಯ ಮೇಲೆ ಒಂದು ಅಂಕಿ ಬರೆದರು, ಹೊಡೆದು ಹಾಕಿದರು.

"ನಮ್ಮತ್ತಿಗೆ ಅಂದಾಜಿನ ಮ್ಯಾಲ ಹನಿ ಹಾಕೂದ? ಪಾರ್ವತೆವ್ವ ಕಾಲ ಮುರಕೊಂಡಾರ ಸರ್." ಇಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೇ ಅಚ್ಚರಿಯಾಯಿತು. ಮುಖ ಬಿಸಿಯಾಯಿತು. ಆದರೂ ನಿಲ್ಲಿಸಲಿಲ್ಲ. "ಅಕ್ಕೋರ ನಾಳಕ್ಕ ಒಂದ ಮಧ್ಯಾಹ್ನ ಹೊಟ್ಟಿ ತುಂಬ ಉಣಿಸೋಣು. ನೀರು ಬೆರಸೂದ ಬ್ಯಾಡ. ಅದು ಪೂರಾ ಚೇತರಿಸ್ಕೊಂಡಾಗ, ಬಾಜೂಕ ಇನ್ನೊಂದು ನಾಳ ಇಟ್ಟು, ಎರಡಕ್ಕೂ ಒಂದ ಅಳತಿ ಹಾಕ್ಕೋತ ಹೋಗೋಣು. ಸಣ್ಣದರಿಂದ ದೊಡ್ಡದರ ತನಕ. ಅದು ಎಷ್ಟು ಇಳದ್ರ ಇದು ಎಷ್ಟು ಇಳೀತೈತಿ ಅಂತ ಒಮ್ಮೆ ಗೊತ್ತಾದ್ರ, ಆಮ್ಯಾಲ ಇದ ಹೇಳತೈತಿ."

"ಇದ್ದ ಸೀಸೆ ಎಲ್ಲಾ ಮುಗೀತಾವು."

"ಹೂಂ ರೀ."

"ಅಷ್ಟೊಂದು ಸಲ ಎಳದಾಡಿದ್ರ ಆ ಪಟ್ಟಿ ಉಳಿಯೂದಿಲ್ಲ, ಶಾಲೂ."

"ಹೂಂ ರೀ," ಎಂದಳು.

ಇಟಗಿಯವರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ, "ಇನ್ನೊಂದು ನಾಳ ಯಾರದು?" ಎಂದರು. ಕೇಳುವಾಗಲೇ ಅವರ ಕಣ್ಣು ಮೂಲೆಯ ಕಡೆ, ಗೋಡೆಗೆ ಮುಖ ಮಾಡಿದ ಆ ಪರದೆಯ ಕಡೆ ಹೋಗಿತ್ತು.

ಉರುಳೆಯನ್ನು ಕಪಾಟಿನಿಂದ ಇಳಿಸಿದವರು ಇಟಗಿಯವರೇ. ಪರದೆಯನ್ನು ಇನ್ನು ಅವರು ನಂಬುವಂತಿರಲಿಲ್ಲ. ಮಸಿಯನ್ನು ಹಿಗ್ಗಿಸಲು ಬರುವುದಿಲ್ಲ. ಸೀಮೆಎಣ್ಣೆ ಎಲ್ಲೂ ಸಿಗದೆ ಕೊನೆಗೆ ಸಾಸಿವೆ ಎಣ್ಣೆಯ ದೀಪ ಹಚ್ಚಿದರು. ಕಾಗದ ಸುತ್ತಿದ ಉರುಳೆಯನ್ನು ಹೊಗೆಯ ಮೇಲೆ ಮೆಲ್ಲಗೆ ತಿರುಗಿಸುವಾಗ ಕೋಣೆಯಲ್ಲೆಲ್ಲ ಹಬ್ಬದ ಮರುದಿನದ ವಾಸನೆ ತುಂಬಿತು. ಇಬ್ಬರ ಮೂಗಿಗೂ ಮಸಿ ಹತ್ತಿತು. ಇಟಗಿಯವರು ಅವಳ ಮುಖ ನೋಡಿ ನಕ್ಕರು, ನಗುತ್ತಲೇ ಆಚೆ ತಿರುಗಿದರು.

ಎರಡೂ ಕೊಳವೆಗಳನ್ನು ಒಂದರ ಪಕ್ಕ ಒಂದು ಇಟ್ಟರು. ದಾರಗಳನ್ನು ಕಡ್ಡಿಗಳಿಗೆ ಕಟ್ಟಿದರು. ಉರುಳೆ ತಿರುಗತೊಡಗಿತು. ಶಾಲ್ಮಲಾಳ ನಾಳ ಮಸಿಯ ಮೇಲೆ ತೆರೆತೆರೆಯಾಗಿ ಬಿಳಿ ಗೆರೆ ಎಳೆಯಿತು. ಅದರ ಮೇಲುಗಡೆ ಅಕ್ಕೋರದು. ಇರುವೆ ಹರಿದ ದಾರಿಯಂತಿತ್ತು, ಬಾಗಿ ನೋಡಿದರೆ ಮಾತ್ರ ಅಲೆ ಇದೆ ಎಂದು ತಿಳಿಯುವಷ್ಟು. ಇಷ್ಟು ದಿನ ತಾನು ದಿನಾ ಬೆಳಿಗ್ಗೆ ನೋಡಿ ಉಸಿರು ಬಿಡುತ್ತಿದ್ದದ್ದು ಇದನ್ನು.

ಸೀಸೆಯ ಮುಚ್ಚಳ ತೆರೆದಳು. ನೀರು ಬೆರೆಸದ ತಿಳಿಯನ್ನು ಕೊಳವೆಗೆ ಬಿಟ್ಟಳು.

ಮೊದಲು ಏನೂ ಆಗಲಿಲ್ಲ. ಕಡ್ಡಿ ಒಮ್ಮೆ ನಡುಗಿತು. ಆಮೇಲೆ ಅಲೆ ತಲೆ ಎತ್ತಿತು, ಇನ್ನೂ ಎತ್ತಿತು, ಬಹಳ ದಿನ ಮಲಗಿದವರು ದಿಂಬಿಗೆ ಒರಗಿ ಕೂತು ಚಹಾ ಕೇಳಿದಂತೆ. ಇನ್ನೊಂದು ಸೀಸೆ. ಮಸಿಯ ಮೇಲೆ ಈಗ ಎರಡು ಗೆರೆಗಳು ಓಡುತ್ತಿದ್ದವು. ಒಂದು ಎತ್ತರ, ಹಟದ್ದು, ನಡುನಡುವೆ ಗಡಿಬಿಡಿಯದು. ಇನ್ನೊಂದು ತಗ್ಗಿದ್ದರೂ ಒಂದೇ ಸಮ.

"ಅಕ್ಕೋರ ಬಂದ್ರು ನೋಡು," ಎಂದರು ಇಟಗಿ.

ಅವಳು ಅಳತೆ ಹಾಕುತ್ತ ಹೋದಳು. ಇಬ್ಬರಿಗೂ ಒಂದೇ ಹನಿ. ಗೆರೆಗಳು ಇಳಿದವು. ಮೂರು ಸಲ ತೊಳೆದಳು. ಕಾದಳು. ನಿಂತ ಮೇಲೆ ಮುಂದಿನದು. ಕಾಯುವ ಹೊತ್ತಿನಲ್ಲಿ ಮಾತಾಡುವವರು ಇರಲಿಲ್ಲ. ಆದರೂ ಒಮ್ಮೆ ಇಟಗಿಯವರು, "ಅಕ್ಕೋರು ನನಗ ಮೊದಲನೇ ದಿನ ಏನ್ ಬೈದ್ರು ಗೊತ್ತೇನು? ಎರಡ ಸಲ ತೊಳದು ಮೂರು ಅಂದಿದ್ದೆ. ಆ ಕೊಳವಿ ನೀರ ಕುಡಿ ಅಂದ್ರು," ಎಂದರು. ಶಾಲ್ಮಲಾ ಜೋರಾಗಿ ನಕ್ಕಳು. ಆ ಕೋಣೆಯಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಅತಿ ದೊಡ್ಡ ಅಳತೆ ಹಾಕುವ ಹೊತ್ತಿಗೆ ಸೀಸೆಗಳು ಮುಗಿದಿದ್ದವು. ಎರಡು ಗೆರೆಗಳೂ ಒಟ್ಟಿಗೆ ಇಳಿದವು. ಬೇಕಾದ ಕೊನೆಯ ಅಂಕಿ ಸಿಕ್ಕಿತು. ತೊಳೆದಳು. ಅವಳ ಗೆರೆ ಮೆಲ್ಲಗೆ ಏರಿ ತನ್ನ ಜಾಗಕ್ಕೆ ಬಂದು ಅಲೆಯಾಡತೊಡಗಿತು. ಅಕ್ಕೋರ ಗೆರೆ ಅರ್ಧ ಏರಿತು. ಅಲ್ಲಿ ನಿಂತಿತು. ಒಂದು ಸಣ್ಣ ಅಲೆ. ಇನ್ನೊಂದು, ಅದಕ್ಕಿಂತ ಸಣ್ಣದು. ಆಮೇಲೆ ಕಡ್ಡಿ ಅಲುಗದೆ ಮಸಿಯ ಮೇಲೆ ನೆಟ್ಟಗೆ ಎಳೆಯುತ್ತ ಹೋಯಿತು.

ಶಾಲ್ಮಲಾ ಮತ್ತೆ ತೊಳೆದಳು. ಎರಡನೆಯ ಸಲ. ಮೂರನೆಯ ಸಲ. ಇಟಗಿಯವರು ಬೇಡ ಎನ್ನಲಿಲ್ಲ. ಉರುಳೆಯನ್ನೂ ನಿಲ್ಲಿಸಲಿಲ್ಲ. ಕಾಗದ ಮುಗಿಯುವ ತನಕ ಇಬ್ಬರೂ ಆ ನೇರ ಗೆರೆಯನ್ನು ನೋಡುತ್ತ ಕೂತರು. ಆಮೇಲೆ ಅದನ್ನು ಬಿಚ್ಚಿ, ಅರಗಿನ ದ್ರಾವಣದಲ್ಲಿ ಅದ್ದಿ, ಕಿಟಕಿಯ ಸರಳಿನಿಂದ ಕಪಾಟಿನ ಹಿಡಿಕೆಗೆ ದಾರ ಕಟ್ಟಿ ಒಣಹಾಕಿದರು.

ಮನೆಗೆ ಹೊರಡುವ ಮುನ್ನ ಶಾಲ್ಮಲಾ ತನ್ನ ಕೊಳವೆಯನ್ನು ಕಿಟಕಿಯ ಪಕ್ಕಕ್ಕೆ ತಂದಿಟ್ಟಳು. ಮೂಲೆಗೆ ಹೋಗಿ ತನ್ನ ಪರದೆಯನ್ನೂ ತಂದಳು. ಹಿಗ್ಗಿಸಿ ತೋರಿಸುವ ಗುಂಡಿಯನ್ನು ಬಂದ್ ಮಾಡಿ, ಅದರ ಮುಖವನ್ನು ಕೋಣೆಯ ಕಡೆ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಹೊಸ ಹಂಡೆಯ ಔಷಧ ಅಳೆದು, ಅಂಕಿ ಕಳಿಸಿ, ಅತ್ತೆಯ ಚಹಾದ ಹೊತ್ತಿಗೆ ಮನೆಗೆ ಓಡಿ ಬಂದಳು. ಚನ್ನವ್ವತ್ತಿ ಹನಿಪೆಟ್ಟಿಗೆಯ ಮುಂದೆ ಲೋಟ ಹಿಡಿದು ಕೂತಿದ್ದಳು. ಹನಿಗಳು ಬಿದ್ದವು.

"ಇವತ್ತಿಂದು ಯಾರದಂತವಾ? ನೀಲವ್ವಂದಲ್ಲಂತಲ್ಲ, ಪ್ಯಾಟಿಯಾಗ ಸುದ್ದಿ ಐತಿ."

"ನಂದು."

"ಹಂಗಾರ ಇನ್ನ ಮ್ಯಾಲ ಹೊಟ್ಟಿ ತುಂಬ ಉಣ್ಣು. ರಾಜ್ಯದ ಮಂದಿ ಎಲ್ಲಾ ನಿನ್ನ ನಂಬ್ಯಾರ."

ನಾಳಕ್ಕೂ ತನ್ನ ಊಟಕ್ಕೂ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದವಳು, "ಆತು ಅತ್ತಿ," ಎಂದಳು.

ಔಷಧ ಕುಡಿದು ಅತ್ತೆ ತುಸು ಹೊತ್ತು ಕೂತಳು. ಒಲೆಯ ಮೇಲೆ ಚಹಾ ಉಕ್ಕಿ ಬಂತು. ಕಟ್ಟೆ ಹಿಡಿದು ಎದ್ದಳು. ಒಂದು ಕ್ಷಣ ನಿಂತಳು. ಶಾಲ್ಮಲಾಳ ಕೈ ತಾನಾಗಿ ಮುಂದೆ ಚಾಚಿತು, ಮತ್ತೆ ಹಿಂದೆ ಸರಿಯಿತು. ಅವಳು ಕೈ ಕಟ್ಟಿ ಕಾದಳು.

ಚನ್ನವ್ವತ್ತಿ ಕಟ್ಟೆಯಿಂದ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದು. ಒಂದು ಕೈಯಲ್ಲಿ ಪಾತ್ರೆ, ಒಂದು ಕೈಯಲ್ಲಿ ಸೋಸುವ ಜರಡಿ ಹಿಡಿದು, ಓಡುವ ಬಸ್ಸಿನ ನಡುವೆ ನಿಂತವಳಂತೆ ಯಾವುದಕ್ಕೂ ಒರಗದೆ ನಿಂತು, ಎರಡು ಲೋಟಗಳಿಗೆ ಚಹಾ ಸುರಿದಳು.